ಬಿದ್ದವನೊಬ್ಬ, ನಿಂತವನೊಬ್ಬ

ಸೋಮವಾರ ಬೆಳಗ್ಗೆ ಒಂಬತ್ತನೇ ತರಗತಿಯಲ್ಲಿ ಹಾಜರಿ ಕೂಗಿದಾಗ ಎರಡು ಹೆಸರಿಗೆ ಉತ್ತರ ಬರಲಿಲ್ಲ. ಒಬ್ಬ ಏಕೆ ಬಂದಿಲ್ಲವೆಂಬುದು ಇಡೀ ಶಾಲೆಗೇ ಗೊತ್ತಿತ್ತು. ಶನಿವಾರದ ಫುಟ್‌ಬಾಲ್ ಆಟದಲ್ಲಿ ಅವನ ತಲೆಗೆ ಪೆಟ್ಟು ಬಿದ್ದು, ನಾಲ್ಕು ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದ. ಇನ್ನೊಬ್ಬ ಏಕೆ ಬಂದಿಲ್ಲವೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರ ಹೆಸರಿನ ಮುಂದೆಯೂ ಗೈರುಹಾಜರಿಯ ಗುರುತು ಹಾಕಿ, ಚಲನೆಯ ನಿಯಮಗಳ ಪಾಠಕ್ಕೆ ಕೈ ಹಾಕಿದೆ.

ನಡೆದದ್ದಿಷ್ಟು. ವ್ಯಾಯಾಮದ ಮೇಷ್ಟ್ರು ಯಾವುದೋ ತರಬೇತಿಗೆ ಹೋಗಿದ್ದರಿಂದ ಅಂದು ಸೀಟಿ ನನ್ನ ಕೊರಳಿಗೆ ಬಿದ್ದಿತ್ತು. ನಮ್ಮ ಅರಿಶಿನಕುಂಟೆಯ ಕಡೆ ಹುಡುಗರಿಗೆ ಕ್ರಿಕೆಟ್ಟೇ ದೇವರು. ಆದರೂ ಆ ತರಗತಿಯ ಒಂದಷ್ಟು ಮಂದಿಗೆ ಅದೇನೋ ಕಾಲ್ಚೆಂಡಿನ ಹುಚ್ಚು. ಎರಡು ನೀಲಗಿರಿ ಗಳ ನೆಟ್ಟು ಮೇಲೊಂದು ಹಗ್ಗ ಬಿಗಿದರೆ ಅದೇ ಗೋಲು. ತುಮಕೂರು ರಸ್ತೆಯ ಲಾರಿಗಳ ಸದ್ದೇ ಪ್ರೇಕ್ಷಕರ ಗಲಾಟೆ. ಆಟ ಮುಗಿಯಲು ಇನ್ನೇನು ಹತ್ತು ನಿಮಿಷವಿದ್ದಾಗ ಚೆಂಡು ಗೋಲಿನತ್ತ ಉರುಳಿತು. ಗೋಲ್‌ಕೀಪರ್ ಹುಡುಗ ಮುಂದಕ್ಕೆ ಹಾರಿ ಅದನ್ನು ತಬ್ಬಿಕೊಂಡ. ಚೆಂಡಿನ ಹಿಂದೆಯೇ ಓಡಿ ಬರುತ್ತಿದ್ದವನು ಅವನ ಜೀವದ ಗೆಳೆಯ. ಒಂದೇ ಬೆಂಚಿನವರು, ಒಂದೇ ಸೈಕಲ್ಲಿನಲ್ಲಿ ಬರುವವರು. ಆ ವೇಗದಲ್ಲಿ ಅವನಿಗೆ ನಿಲ್ಲಲಾಗಲಿಲ್ಲ. ಮಂಡಿ ತಲೆಗೆ ತಾಗಿದ ಸದ್ದು ಇಪ್ಪತ್ತು ಗಜ ದೂರದಲ್ಲಿದ್ದ ನನಗೂ ಕೇಳಿಸಿತು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. ಹುಡುಗನನ್ನು ಎಬ್ಬಿಸಿ ಕೂರಿಸಿ, ಮುಖಕ್ಕೆ ನೀರು ಚಿಮುಕಿಸಿ, ಗಾಯಕ್ಕೆ ನನ್ನ ಕರ್ಚೀಫು ಒತ್ತಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಆಡ್ತೀಯೇನೋ?" ಎಂದು ಕೇಳಿದೆ. "ಆಡ್ತೀನಿ ಸಾರ್" ಎಂದ. ಆಡಲು ಬಿಟ್ಟೆ! ಐದು ನಿಮಿಷ ಕಳೆದ ಮೇಲೆ ಅವನು ಗಳವನ್ನು ಹಿಡಿದುಕೊಂಡು ವಾಂತಿ ಮಾಡಿದಾಗಲೇ, ಬಿ.ಎಸ್ಸಿ., ಬಿ.ಎಡ್. ಓದಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಈ ತಲೆಗೆ ವಿಜ್ಞಾನ ಹೊಳೆದದ್ದು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವವಾಗಿಲ್ಲ ಎನ್ನುವವರೆಗೆ ನಾನು ಕುಳಿತಲ್ಲಿ ಕೂರಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದೆಂದೋ ಓದಿದ್ದ ಸ್ಕಾಟ್ಲೆಂಡಿನ ಗೋಲ್‌ಕೀಪರ್ ಒಬ್ಬನ ಕತೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅದನ್ನು ನಿಮಗೂ ಹೇಳಿಬಿಡುತ್ತೇನೆ.

ಅವನ ಹೆಸರು ಜಾನ್ ಥಾಮ್ಸನ್. ಹುಟ್ಟಿದ್ದು 1909ರ ಜನವರಿ 28ರಂದು, ಫೈಫ್ ಪ್ರಾಂತ್ಯದ ಕರ್ಕಾಡಿಯಲ್ಲಿ. ಬೆಳೆದದ್ದು ಸಮೀಪದ ಕಾರ್ಡೆಂಡೆನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಪ್ಪನ ಹಿಂದೆ ಮಗ ಗಣಿಗೆ ಇಳಿಯುವುದು ಅಲ್ಲಿನ ಎಷ್ಟೋ ಮನೆಗಳ ವಾಡಿಕೆಯಾಗಿತ್ತಲ್ಲ, ಅಲ್ಲಿಯೂ ಹಾಗೆಯೇ. ಥಾಮ್ಸನ್ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದ. ಗಣಿಯ ಕತ್ತಲಿಂದ ಮೇಲೆ ಬಂದ ಹುಡುಗರಿಗೆ ಬಯಲಿನ ಚೆಂಡಾಟವೇ ಉಸಿರು. ಆ ಆಟದಲ್ಲಿ ಗೋಲು ಕಾಯಲು ನಿಂತ ಥಾಮ್ಸನ್‌ನನ್ನು 1926ರಲ್ಲಿ ಗ್ಲಾಸ್ಗೋ ನಗರದ ಹೆಸರಾಂತ ಸೆಲ್ಟಿಕ್ ಕ್ಲಬ್ಬು ಹತ್ತು ಪೌಂಡು ಕೊಟ್ಟು ಸೇರಿಸಿಕೊಂಡಿತು. ಆಗ ಅವನಿಗೆ 17 ವರ್ಷ.

ಎತ್ತರ ಐದಡಿ ಒಂಬತ್ತು ಅಂಗುಲ. ಗೋಲ್‌ಕೀಪರನಿಗೆ ಅದೇನೂ ದೊಡ್ಡ ಎತ್ತರವಲ್ಲ. ಕಾಯಬೇಕಾದ ಬಾಗಿಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಆದರೆ ಹುಡುಗನಿಗೆ ಬೆಕ್ಕಿನ ಚುರುಕು, ಜೊತೆಗೆ ಹುಚ್ಚುಧೈರ್ಯ. ಗೋಲಿನ ಗೆರೆಯ ಮೇಲೆ ನಿಂತು ಚೆಂಡಿಗಾಗಿ ಕಾಯುವ ಜಾತಿಯವನಲ್ಲ. ಎದುರಾಳಿ ಒದೆಯುವ ಮೊದಲೇ ಮುನ್ನುಗ್ಗಿ, ಅವನ ಕಾಲಡಿಗೇ ತಲೆ ಮುಂದಾಗಿ ಹಾರಿ ಚೆಂಡನ್ನು ಕಸಿಯುವವನು. 1927ರ ಫೆಬ್ರುವರಿಯಲ್ಲಿ ಸೆಲ್ಟಿಕ್ ಪರ ಮೊದಲ ಪಂದ್ಯ. ಅದೇ ವರ್ಷ ಸ್ಕಾಟಿಷ್ ಕಪ್. 1931ರಲ್ಲಿ ಮತ್ತೆ ಅದೇ ಕಪ್. 1930ರಲ್ಲಿ ಸ್ಕಾಟ್ಲೆಂಡ್ ತಂಡಕ್ಕೆ ಆಯ್ಕೆ. 1931ರಲ್ಲಿ ಇಂಗ್ಲೆಂಡನ್ನು 2-0 ಅಂತರದಿಂದ ಸ್ಕಾಟ್ಲೆಂಡ್ ಸೋಲಿಸಿದಾಗ ಗೋಲು ಕಾದವನು ಇವನೇ.

ಧೈರ್ಯಕ್ಕೆ ಬೆಲೆ ತೆರಬೇಕಾಗಿಯೂ ಬಂದಿತ್ತು. 1930ರಲ್ಲಿ ಹೀಗೇ ಹಾರಿ ದವಡೆ, ಪಕ್ಕೆಲುಬು ಮುರಿದುಕೊಂಡಿದ್ದ. ಈ ಆಟ ಸಾಕು ಮಗನೇ ಎಂದು ತಾಯಿ ಬೇಡಿಕೊಂಡಳೆಂದು ಹೇಳುತ್ತಾರೆ. ಮಗ ಕೇಳಲಿಲ್ಲ. ಗಣಿಗೆ ಹೋಗಬೇಡವೆಂದು ಯಾವ ತಾಯಿಯೂ ಹೇಳಲಾಗದ ಊರಿನಲ್ಲಿ ಆಟಕ್ಕೆ ಹೋಗಬೇಡವೆಂದರೆ ಕೇಳುವವರು ಯಾರು?

1931ರ ಸೆಪ್ಟೆಂಬರ್ 5, ಶನಿವಾರ. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ನಡುವೆ ಪಂದ್ಯ. ಸೇರಿದ್ದ ಜನ ಎಂಬತ್ತು ಸಾವಿರ. ಆ ಎರಡು ಕ್ಲಬ್ಬುಗಳ ವೈರ ಬರೀ ಆಟದ್ದಲ್ಲ. ಸೆಲ್ಟಿಕ್ ಕಡೆಗೆ ಕ್ಯಾಥೊಲಿಕರು, ರೇಂಜರ್ಸ್ ಕಡೆಗೆ ಪ್ರಾಟೆಸ್ಟೆಂಟರು ಎಂದು ಊರೇ ಎರಡು ಹೋಳು. ಸ್ವತಃ ಥಾಮ್ಸನ್ ಪ್ರಾಟೆಸ್ಟೆಂಟ್ ಮನೆಯ ಹುಡುಗ. ಆಡುತ್ತಿದ್ದದ್ದು ಸೆಲ್ಟಿಕ್ ಪರ. ದ್ವಿತೀಯಾರ್ಧ ಶುರುವಾಗಿ ಐದು ನಿಮಿಷ ಆಗಿತ್ತು. ರೇಂಜರ್ಸ್‌ನ ಮುನ್ಪಡೆ ಆಟಗಾರ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ಒಬ್ಬನೇ ನುಗ್ಗಿ ಬಂದ. ಥಾಮ್ಸನ್ ಎಂದಿನಂತೆ ಅವನ ಕಾಲಿಗೆ ಹಾರಿದ. ಚೆಂಡು ಗೋಲಿನಿಂದ ಆಚೆ ಹೋಯಿತು. ಥಾಮ್ಸನ್‌ನ ತಲೆಗೆ ಇಂಗ್ಲಿಷ್‌ನ ಮಂಡಿ ಬಡಿದಿತ್ತು.

ಗೋಲಿನ ಹಿಂದಿದ್ದ ರೇಂಜರ್ಸ್ ಅಭಿಮಾನಿಗಳು ಮೊದಲು ಕೇಕೆ ಹಾಕಿದರು. ಅವರದೇ ತಂಡದ ನಾಯಕ ಮಿಕಲ್‌ಜಾನ್ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಸೆಲ್ಟಿಕ್‌ನ ಆಟಗಾರನೊಬ್ಬನೇ ಗೋಲು ಕಾಯಲು ನಿಂತ. ಪಂದ್ಯ ಮುಂದುವರಿದು ಒಂದೂ ಗೋಲಿಲ್ಲದೆ ಮುಗಿಯಿತು. ಥಾಮ್ಸನ್‌ನ ತಲೆಬುರುಡೆ ಒಡೆದು ಒಳಕ್ಕೆ ಕುಸಿದಿತ್ತು. ಅಂದು ರಾತ್ರಿ 9 ಗಂಟೆ 25 ನಿಮಿಷಕ್ಕೆ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ವಯಸ್ಸು 22. ಕಾರ್ಡೆಂಡೆನ್‌ನಲ್ಲಿ ಮಣ್ಣಾದಾಗ ಸಾವಿರಾರು ಜನ ನೆರೆದಿದ್ದರು. ಗ್ಲಾಸ್ಗೋದಿಂದ 55 ಮೈಲಿ ನಡೆದೇ ಬಂದವರಿದ್ದರು. ಇಂದಿಗೂ ಸೆಲ್ಟಿಕ್ ಅಭಿಮಾನಿಗಳು ಅವನ ಸಮಾಧಿಗೆ ಹೋಗಿ ಬರುತ್ತಾರೆ.

ಇಲ್ಲಿಗೆ ಕತೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಮುಗಿಯುವುದಿಲ್ಲ. ಸ್ಯಾಮ್ ಇಂಗ್ಲಿಷ್ ಇನ್ನೂ ಮೈದಾನದಲ್ಲೇ ನಿಂತಿದ್ದಾನೆ.

ಹೆಸರು ಇಂಗ್ಲಿಷ್, ಹುಟ್ಟಿದ್ದು ಐರ್ಲೆಂಡ್, ಆಡಿದ್ದು ಸ್ಕಾಟ್ಲೆಂಡ್. ಅವನಿಗೂ ಆಗ 23ರ ಪ್ರಾಯ. ನಡೆದದ್ದು ಅಪಘಾತವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೆ ಸೆಲ್ಟಿಕ್‌ನ ಮ್ಯಾನೇಜರ್ ಅಲ್ಲಿ, ಅದು ಅಪಘಾತವೆಂದೇ ಆಶಿಸುತ್ತೇನೆ ಎಂಬರ್ಥದ ಮಾತಾಡಿದರು. 'ಅಪಘಾತ' ಎನ್ನುವುದಕ್ಕೂ 'ಅಪಘಾತವೆಂದು ಆಶಿಸುತ್ತೇನೆ' ಎನ್ನುವುದಕ್ಕೂ ಎಷ್ಟು ಅಂತರ ನೋಡಿ! ಆ ಅಂತರದಲ್ಲೇ ಒಬ್ಬ ಮನುಷ್ಯನ ಬಾಳು ಬಿದ್ದುಹೋಯಿತು. ಆ ಋತುವಿನಲ್ಲಿ ಇಂಗ್ಲಿಷ್ ಲೀಗ್ ಪಂದ್ಯಗಳಲ್ಲಿ 44 ಗೋಲು ಹೊಡೆದ. ಅದು ರೇಂಜರ್ಸ್‌ನ ದಾಖಲೆ. ಆದರೆ ಹೋದಲ್ಲೆಲ್ಲ ಎದುರಾಳಿಗಳ ಕಡೆಯ ಜನ ಅವನನ್ನು ಕೊಲೆಗಾರನೆಂದು ಹೀಗಳೆದರು. 1932ರಲ್ಲಿ ಸ್ಕಾಟ್ಲೆಂಡ್ ಬಿಟ್ಟು ಲಿವರ್‌ಪೂಲ್ ಸೇರಿದ. ಅಲ್ಲಿಗೂ ಆ ಹೆಸರು ಬೆನ್ನುಹತ್ತಿತು. ಮುಂದೆ ಊರೂರು ಬದಲಿಸಿ, 1938ರಲ್ಲಿ ಆಟವನ್ನೇ ಬಿಟ್ಟ. ಥಾಮ್ಸನ್ ಹೋದ ಮೇಲಿನ ತನ್ನ ಏಳು ವರ್ಷದ ಆಟದಲ್ಲಿ ಸಂತೋಷವೇ ಇರಲಿಲ್ಲವೆಂದು ಅವನೇ ಹೇಳಿಕೊಂಡದ್ದುಂಟು. 1967ರಲ್ಲಿ ತೀರಿಕೊಂಡ.

ದೂರದ ಸ್ಕಾಟ್ಲೆಂಡಿನ, ತೊಂಬತ್ತು ಚಿಲ್ಲರೆ ವರ್ಷದ ಹಿಂದಿನ ಮಾತು ನಮಗೇಕೆ ಎನ್ನುವಿರಾ? ಇಂಥದ್ದೇ ಒಂದು ನಮ್ಮ ಬೆಂಗಳೂರಿನಲ್ಲಿ, ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದಿದೆ. 2004ರ ಡಿಸೆಂಬರ್ 5, ಭಾನುವಾರ. ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡಕ್ಕೂ ಕೋಲ್ಕತ್ತದ ಮೋಹನ್ ಬಾಗನ್‌ಗೂ ಪಂದ್ಯ. ಡೆಂಪೊ ಪರ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಆಗಲೇ ಒಂದು ಗೋಲು ಹೊಡೆದಿದ್ದ. ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ಎರಡನೆಯದನ್ನೂ ಹೊಡೆದ. ಚೆಂಡು ಗೋಲಿನೊಳಗೆ ಹೋಗುತ್ತಿದ್ದಂತೆ, ತಡೆಯಲು ಮುನ್ನುಗ್ಗಿದ್ದ ಗೋಲ್‌ಕೀಪರ್ ಸುಬ್ರತಾ ಪಾಲ್‌ಗೂ ಅವನಿಗೂ ಡಿಕ್ಕಿಯಾಯಿತು. ಜೂನಿಯರ್ ಕುಸಿದು ಬಿದ್ದ. ಸಂಭ್ರಮಿಸಲು ಓಡಿ ಬಂದ ಗೆಳೆಯರು ಅವನ ಎದೆ ಒತ್ತಬೇಕಾಯಿತು, ಬಾಯಿಗೆ ಉಸಿರು ಕೊಡಬೇಕಾಯಿತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಹೃದಯ ನಿಂತುಹೋಗಿತ್ತು. ವಯಸ್ಸು 25. ಡೆಂಪೊ 2-0 ಅಂತರದಿಂದ ಕಪ್ ಗೆದ್ದಿತ್ತು. ಎರಡೂ ಗೋಲು ಸತ್ತವನದೇ.

ಮರುದಿನ ನೆಲಮಂಗಲದ ಬಸ್ ನಿಲ್ದಾಣದಲ್ಲಿ ನಿಂತು ಪತ್ರಿಕೆಯಲ್ಲಿ ಈ ಸುದ್ದಿ ಓದಿದ್ದು ನನಗಿನ್ನೂ ನೆನಪಿದೆ. ಎಲ್ಲರಂತೆ ನಾನೂ ಸತ್ತವನಿಗಾಗಿ ಮರುಗಿದೆ. ಇನ್ನೊಂದು ಕಡೆ ಇದ್ದವನು ಇನ್ನೂ ಹುಡುಗನೆಂಬುದು ಆಗ ನನ್ನ ಗಮನಕ್ಕೇ ಬರಲಿಲ್ಲ. ಸುಬ್ರತಾ ಪಾಲ್‌ಗೆ ಎರಡು ತಿಂಗಳ ನಿಷೇಧವಾಯಿತು. ಬೈಗುಳವೂ ಬೇಕಾದಷ್ಟು ಬಂತು. ಆದರೆ ಆತ ಸ್ಯಾಮ್ ಇಂಗ್ಲಿಷ್ ಆಗಲಿಲ್ಲ. ಮತ್ತೆ ಗೋಲಿನ ಮುಂದೆ ನಿಂತು, ಭಾರತ ತಂಡದ ಗೋಲ್‌ಕೀಪರ್ ಆದ. 2011ರಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತು ಒಟ್ಟು 13 ಗೋಲು ಬಿಟ್ಟುಕೊಟ್ಟಿತು. ಆದರೂ ಪಾಲ್ ತಡೆದ ಚೆಂಡುಗಳನ್ನು ಕಂಡು 'ಸ್ಪೈಡರ್‌ಮ್ಯಾನ್' ಎಂದು ಹೊಗಳಿದರು. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು. 13 ಗೋಲು ಬಿಟ್ಟವನನ್ನೂ ಹೊಗಳುವ ಆಟ ಅದು. ಗೋಲ್‌ಕೀಪರನ ಲೆಕ್ಕವೇ ಬೇರೆ.

ಇನ್ನು ಸ್ವಲ್ಪ ನನ್ನ ಪಾಠಕ್ಕೆ ಬರುತ್ತೇನೆ. ಬೇಸರಿಸಬೇಡಿ. 50 ಕಿಲೋ ತೂಕದ ಹುಡುಗ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡಿ ಬರುತ್ತಾನೆ ಎನ್ನಿ. ಅವನಲ್ಲಿರುವ ಚಲನಶಕ್ತಿ 900 ಜೌಲ್. 50 ಕಿಲೋದ ಅಕ್ಕಿ ಮೂಟೆಯನ್ನು ಆಳೆತ್ತರದಿಂದ ಕೆಡವಿದರೆ ನೆಲ ಮುಟ್ಟುವಾಗ ಅದರಲ್ಲಿರುವುದೂ ಸರಿಸುಮಾರು ಅಷ್ಟೇ. ಅದರ ಒಂದು ಪಾಲು ತಲೆಗೆ ತಾಗಿದರೂ ಸಾಕು. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವನು ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಿಲ್ಲುವ ಕಾಲ ಹೆಚ್ಚಾದಷ್ಟೂ ಪೆಟ್ಟು ಕಡಿಮೆ. ನ್ಯೂಟನ್‌ನ ಎರಡನೇ ನಿಯಮಕ್ಕೆ ನಾವು ಮೇಷ್ಟ್ರುಗಳು ಕೊಡುವ ಹಳೆಯ ಉದಾಹರಣೆ ಇದೇ. ಆದರೆ ತಲೆಬುರುಡೆಗೆ ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ. ಸೆಕೆಂಡಿನ ಕೆಲವೇ ಸಾವಿರದ ಭಾಗಗಳಲ್ಲಿ ಎಲ್ಲವೂ ಮುಗಿದಿರುತ್ತದೆ.

ಮಿದುಳಿರುವುದು ಮುಚ್ಚಿದ ಡಬ್ಬಿಯಲ್ಲಿ. ಒಳಗೆ ಊತವಾದರೂ ರಕ್ತ ಸೋರಿದರೂ ಹಿಗ್ಗಲು ಜಾಗವಿಲ್ಲ, ಒತ್ತಡ ಏರುತ್ತದೆ. ಪೆಟ್ಟು ಬಿದ್ದವನು ಎದ್ದು ಚೆನ್ನಾಗಿಯೇ ಮಾತಾಡಬಹುದು. ಗಂಟೆಗಳ ನಂತರ ಕುಸಿಯಬಹುದು. ಆದ್ದರಿಂದ 'ಆಡ್ತೀಯೇನೋ' ಎಂಬ ಪ್ರಶ್ನೆಯೇ ತಪ್ಪು. ತಲೆಗೆ ಬಲವಾದ ಪೆಟ್ಟು ಬಿತ್ತೆಂದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು. ವಾಂತಿ, ತೂಕಡಿಕೆ, ಹೆಚ್ಚುತ್ತಲೇ ಹೋಗುವ ತಲೆನೋವು, ತೊದಲು, ಎರಡು ಕಣ್ಣಿನ ಪಾಪೆಯಲ್ಲಿ ವ್ಯತ್ಯಾಸ, ಮೂಗು ಕಿವಿಯಿಂದ ನೀರಿನಂಥದ್ದು ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಏನೂ ಕಾಣದಿದ್ದರೂ ಒಂದು ದಿನವಾದರೂ ಒಂಟಿಯಾಗಿ ಬಿಡಬಾರದು. ಮತ್ತೆ ಮೈದಾನಕ್ಕೆ ಇಳಿಯುವುದು ವೈದ್ಯರು ಸರಿ ಎಂದ ಮೇಲೆಯೇ.

ಕಂಠೀರವದಲ್ಲಿ ಆದಂತೆ ಹೃದಯವೇ ನಿಂತರೆ ಲೆಕ್ಕ ನಿಮಿಷಗಳದ್ದು. 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗಾದರೆ ಎರಡು ಅಂಗುಲ ಆಳಕ್ಕೆ ಒತ್ತುತ್ತಲೇ ಇರಬೇಕು. ವಿದ್ಯುತ್ ಆಘಾತ ಕೊಟ್ಟು ಬಡಿತವನ್ನು ಸರಿದಾರಿಗೆ ತರುವ ಎಇಡಿ ಎಂಬ ಪುಟ್ಟ ಯಂತ್ರವಿದ್ದರೆ ಇನ್ನೂ ಮೇಲು. 2021ರ ಜೂನ್ 12ರಂದು ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್‌ಸನ್ ಆಡುತ್ತಾ ಆಡುತ್ತಾ ಕುಸಿದಾಗ ಮೈದಾನದಲ್ಲೇ ಇದೆಲ್ಲ ನಡೆಯಿತು. ಮರುವರ್ಷ ಆತ ವಿಶ್ವಕಪ್ ಆಡಿದ. ಒಬ್ಬ ಉಳಿದ, ಒಬ್ಬ ಹೋದ ಎಂದರೆ ಅದೆಲ್ಲ ಹಣೆಬರಹವಲ್ಲ. ಪಕ್ಕದಲ್ಲಿ ನಿಂತವನಿಗೆ ಏನು ಗೊತ್ತಿತ್ತು, ಕೈಗೆ ಏನು ಸಿಕ್ಕಿತು ಎಂಬುದೂ ಅದರಲ್ಲಿ ಸೇರಿದೆ.

ಇದಿಷ್ಟು ಬಿದ್ದವನ ವಿಚಾರ. ನಿಂತವನಿಗೆ ಪ್ರಥಮ ಚಿಕಿತ್ಸೆ ಏನು? ಯಾವ ಪಠ್ಯಪುಸ್ತಕದಲ್ಲೂ ನಾನು ಅದನ್ನು ಓದಿಲ್ಲ.

ಬುಧವಾರವೂ ಆ ಇನ್ನೊಬ್ಬ ಹುಡುಗ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಅವನ ಮನೆ ಹುಡುಕಿಕೊಂಡು ಹೋದೆ. ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಆಗಷ್ಟೇ ಬಂದಿದ್ದರು. "ಮೂಲೆ ಹಿಡ್ದು ಕುಂತವ್ನೆ ಸಾ. ಊಟ ಬ್ಯಾಡ ಅಂತಾನೆ, ಮಾತಿಲ್ಲ ಕತೆಯಿಲ್ಲ. ಯಾರೋ ಹುಡುಗ್ರು 'ನಿನ್ನಿಂದ್ಲೇ ಅವ್ನು ಸಾಯ್ತಿದ್ದ' ಅಂದ್ರಂತೆ" ಎಂದರು. ಒಳಗೆ ಹೋದೆ. ಗೋಡೆಗೆ ಮುಖ ಮಾಡಿ ಕುಳಿತಿದ್ದವನು ತಿರುಗಲಿಲ್ಲ.

"ನಿನ್ನ ತಪ್ಪಲ್ಲ ಕಣೋ" ಎಂದೆ. ಅಲುಗಾಡಲಿಲ್ಲ. ದೊಡ್ಡವರು ಹೇಳುವ ಆ ಮಾತು ಮಕ್ಕಳ ಕಿವಿಗೆ ಎಷ್ಟು ಪೊಳ್ಳಾಗಿ ಕೇಳಿಸುತ್ತದೆಂದು ಆಗ ಗೊತ್ತಾಯಿತು. ಕೊನೆಗೆ ನಿಜ ಹೇಳಿದೆ. "ನೋಡಪ್ಪ, ನೀನು ಓಡಿ ಬರ್ತಿದ್ದೆ. ಅಷ್ಟು ಹತ್ತಿರದಲ್ಲಿ ನಿಲ್ಲೋಕೆ ನಿನ್ನ ಕೈಲಿ ಆಗ್ತಿರಲಿಲ್ಲ. ಅದು ಜಡತ್ವ, ಸೋಮವಾರ ಅದೇ ಪಾಠ ಮಾಡಿದೆ. ಪೆಟ್ಟು ಬಿದ್ದ ಮೇಲೂ ಅವನನ್ನ ಐದು ನಿಮಿಷ ಆಡಿಸಿದ್ದು ನಾನು. ತಪ್ಪು ಅಂತ ಇದ್ರೆ ಅದು ನನ್ನದು." ಹುಡುಗ ಮೆಲ್ಲಗೆ ತಿರುಗಿದ. ಮೇಷ್ಟ್ರೊಬ್ಬ ತಪ್ಪೊಪ್ಪಿಕೊಂಡದ್ದನ್ನು ಅವನು ಕಂಡದ್ದು ಅದೇ ಮೊದಲಿರಬೇಕು.

ಅವನಿಗೆ ಥಾಮ್ಸನ್‌ನ ಕತೆಯನ್ನೂ ಸ್ಯಾಮ್ ಇಂಗ್ಲಿಷ್‌ನ ಕತೆಯನ್ನೂ ಹೇಳಿದೆ. ಸುಮ್ಮನೆ ಕೇಳಿದ. ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದ: "ಆಮೇಲೆ ಅವ್ರನ್ನ ಯಾರೂ ಮಾತಾಡ್ಸಲೇ ಇಲ್ವಾ ಸಾರ್?"

ಥಾಮ್ಸನ್‌ನ ಬಗ್ಗೆ ಕೇಳುತ್ತಾನೆಂದುಕೊಂಡಿದ್ದೆ. ಅವನು ಕೇಳಿದ್ದು ಇಂಗ್ಲಿಷ್‌ನ ಬಗ್ಗೆ. ನನ್ನಲ್ಲಿ ಉತ್ತರವಿರಲಿಲ್ಲ. "ಎದ್ದೇಳು, ಹೋಗಿ ಬರೋಣ" ಎಂದೆ.

ಹೊಲಿಗೆ ಹಾಕಿಸಿಕೊಂಡವನ ಮನೆಗೆ ಎರಡು ಬೀದಿ ದೂರ. ಅವನ ತಾಯಿ ಬಾಗಿಲಲ್ಲಿ ನಮ್ಮಿಬ್ಬರನ್ನೂ ನೋಡಿ ಒಂದು ಗಳಿಗೆ ಸುಮ್ಮನೆ ನಿಂತರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ಬಾರಪ್ಪ ಒಳೀಕೆ. ಅವಾಗ್ಲಿಂದ ನಿನ್ನೇ ಕೇಳ್ತಾವ್ನೆ" ಎಂದರು. ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವನು ಗೆಳೆಯನನ್ನು ಕಂಡು ಮೊದಲು ಆಡಿದ ಮಾತು, "ಲೋ, ಗೋಲ್ ಆಗ್ಲಿಲ್ಲ ತಾನೇ?"

"ಇಲ್ಲ ಕಣ್ಲಾ" ಎಂದ ಇವನು. ಹೇಳುತ್ತಲೇ ಅಳಲು ಶುರುಮಾಡಿದ.

ವೈದ್ಯರು ಗೋಲ್‌ಕೀಪರ್ ಹುಡುಗನಿಗೆ ಸದ್ಯಕ್ಕೆ ಆಟ ಬೇಡ ಎಂದಿದ್ದಾರೆ. ಇನ್ನೊಬ್ಬನೂ ಆಡುತ್ತಿಲ್ಲ, ಮೈದಾನದ ಬದಿಯಲ್ಲಿ ಅವನ ಪಕ್ಕ ಕೂರುತ್ತಾನೆ. ಒತ್ತಾಯಿಸಲು ಹೋಗಿಲ್ಲ. ಹಾಜರಿ ಕೂಗಿದರೆ ಎರಡು ಹೆಸರಿಗೂ ಉತ್ತರ ಬರುತ್ತಿದೆ, ಅಷ್ಟು ಸಾಕು. ಇನ್ನೊಂದು ಬದಲಾವಣೆಯಾಗಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೀರುವಿನಿಂದ ಮೈದಾನದ ಪಕ್ಕದ ಕೋಣೆಗೆ ಬಂದಿದೆ. ಅದರ ಬೀಗದ ಕೈಯನ್ನು ಸೀಟಿಯ ದಾರಕ್ಕೇ ಕಟ್ಟಿಟ್ಟಿದ್ದೇನೆ. ಇನ್ನು ಮುಂದೆ ಸೀಟಿ ಯಾರ ಕೊರಳಿಗೆ ಬಿದ್ದರೂ ಅದು ಜೊತೆಗೇ ಬೀಳುತ್ತದೆ.